ರೇಡಿಯೋಎಂಬೊಲೈಸೇಷನ್ ಚಿಕಿತ್ಸೆ: ಕೊಡಗಿನ ಒಂದು ಕುಟುಂಬ ಕಂಡಂತೆ

ನ್ಯೂರೋಎಂಡೋಕ್ರೈನ್ ಕ್ಯಾನ್ಸರ್ ಯಕೃತ್ತಿಗೆ ಹರಡಿದಾಗ ವಿಕಿರಣಶೀಲ ಮಣಿಗಳನ್ನು ರಕ್ತನಾಳದ ಮೂಲಕ ಗಡ್ಡೆಗೇ ಕಳಿಸಿ ಮಾಡುವ ರೇಡಿಯೋಎಂಬೊಲೈಸೇಷನ್ ಚಿಕಿತ್ಸೆಯನ್ನು ನನ್ನ ಅಕ್ಕನಿಗೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮಾಡಿಸಿ ಈಗ ವರ್ಷ ದಾಟಿದೆ. ಅಕ್ಕನ ಮನೆ ನಾಪೋಕ್ಲಿನ ಕಡೆ. ನಾನು ಸುಂಟಿಕೊಪ್ಪದ ಹತ್ತಿರದ ತೋಟವೊಂದರಲ್ಲಿ ರೈಟರ್ ಕೆಲಸ ಮಾಡುತ್ತೇನೆ. ಲೆಕ್ಕ ಬರೆಯುವವನು ಎಂಬ ಕಾರಣಕ್ಕೆ ವರದಿ, ಬಿಲ್ಲು, ಸಿಡಿಗಳನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸುವ ಹೊಣೆ ನನ್ನ ಮೇಲೆ ಬಿತ್ತು. ಸೇರಿಸಿದ ಮೇಲೆ ಓದದೆ ಬಿಡಲಾಗಲಿಲ್ಲ. ಈ ಕಾಯಿಲೆ ಇರುವವರು ಕೊಡಗಿನಲ್ಲಿ ಕೆಲವರೇ ಇರಬಹುದು. ಆದರೆ ಇದ್ದವರಿಗೆ ಕನ್ನಡದಲ್ಲಿ ಓದಲು ಏನೂ ಸಿಗುವುದಿಲ್ಲ ಎಂಬುದನ್ನು ನಾವು ಅನುಭವಿಸಿದ್ದರಿಂದ ಈ ವಿಮರ್ಶೆಯನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕಿತ್ಸೆಗೆ ಒಳ್ಳೆಯ ಅಂಕ ಕೊಡುತ್ತೇನೆ, ಅದನ್ನು ಮಾಡಿದ ಕೈಗಳಿಗೆ ಇನ್ನೂ ಹೆಚ್ಚಿನ ಅಂಕ ಕೊಡುತ್ತೇನೆ. ಆದರೆ ಫಲಿತಾಂಶವನ್ನು ಮನೆಯವರಿಗೆ ತಿಳಿಸಿ ಹೇಳುವ ಕೆಲಸಕ್ಕೂ, ರೋಗಿ ಊರಿಗೆ ಮರಳಿದ ನಂತರದ ನಿಗಾಕ್ಕೂ ಪಾಸಾಗುವಷ್ಟು ಅಂಕ ಕೊಡಲಾರೆ.

ಈ ಕ್ಯಾನ್ಸರಿನ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು 2018ರಲ್ಲಿ, ನಟ ಇರ್ಫಾನ್ ಖಾನ್ ತಮಗೆ ಅದು ಬಂದಿದೆ ಎಂದು ಪ್ರಕಟಿಸಿದಾಗ. 2020ರ ಏಪ್ರಿಲಿನಲ್ಲಿ ಅವರು ತೀರಿಕೊಂಡಿದ್ದರಿಂದ ಹೆಸರು ಕೇಳಿದ ಕೂಡಲೇ ಎರಡು ವರ್ಷದ ಮಾತು ಎಂದು ಜನ ಲೆಕ್ಕ ಹಾಕಿಬಿಡುತ್ತಾರೆ. ಆ ಲೆಕ್ಕ ಎಲ್ಲರಿಗೂ ಅನ್ವಯಿಸುವುದಿಲ್ಲ. ಹಾರ್ಮೋನು ಸ್ರವಿಸುವ ಗುಣವಿರುವ ಜೀವಕೋಶಗಳಲ್ಲಿ, ಮುಖ್ಯವಾಗಿ ಕರುಳು, ಮೇದೋಜೀರಕ ಗ್ರಂಥಿ ಮತ್ತು ಶ್ವಾಸಕೋಶಗಳಲ್ಲಿ, ಹುಟ್ಟುವ ಈ ಗಡ್ಡೆಗಳಲ್ಲಿ ಬಹಳ ನಿಧಾನವಾಗಿ ಬೆಳೆಯುವವೂ ಇವೆ, ಬೆಂಕಿಯ ಹಾಗೆ ಹಬ್ಬುವವೂ ಇವೆ. ಯಾವುದು ಯಾವ ಜಾತಿಯದು ಎಂಬುದನ್ನು ಬಯಾಪ್ಸಿಯಲ್ಲಿ ವಿಭಜನೆಯಾಗುತ್ತಿರುವ ಜೀವಕೋಶಗಳ ಪಾಲನ್ನು ತೋರಿಸುವ ಕೆಐ-67 ಎಂಬ ಅಂಕಿ ತಿಳಿಸುತ್ತದೆ: ಶೇಕಡಾ 3ಕ್ಕಿಂತ ಕಡಿಮೆ ಇದ್ದರೆ ಮೊದಲ ದರ್ಜೆ, 3ರಿಂದ 20ರವರೆಗೆ ಎರಡನೆಯ ದರ್ಜೆ, 20ಕ್ಕಿಂತ ಹೆಚ್ಚಿದ್ದರೆ ಮೂರನೆಯದು. ಅಕ್ಕನದು ಎರಡನೆಯ ದರ್ಜೆ, ಮೂಲ ಸಣ್ಣಕರುಳು. ಮುಂದೆ ಬರುವ ಯಾವ ಅಂಕಿಯನ್ನೂ ಈ ಒಂದು ಅಂಕಿಯನ್ನು ಬಿಟ್ಟು ಓದಬಾರದು.

ಕಾಯಿಲೆ ಪತ್ತೆಯಾದ ಬಗೆಯನ್ನೂ ಹೇಳಬೇಕು, ಏಕೆಂದರೆ ನಮ್ಮ ಕಡೆ ಇದು ತಡವಾಗುವುದು ಸುಲಭ. ಊಟದ ನಂತರ, ಅದರಲ್ಲೂ ಕಾಳುಮೆಣಸು ಹೆಚ್ಚಿದ್ದರೆ ಅಥವಾ ಹಬ್ಬದಲ್ಲಿ ಮನೆಯ ವೈನ್ ಒಂದು ಗುಟುಕು ಕುಡಿದರೆ, ಅಕ್ಕನ ಮುಖ ಮತ್ತು ಕುತ್ತಿಗೆ ಕೆಂಪೇರಿ ಬಿಸಿಯಾಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸಿನ ತೊಂದರೆ ಎಂದು ಎಲ್ಲರೂ ಅಂದುಕೊಂಡರು. ಭೇದಿಯನ್ನು ಊಟದ ದೋಷಕ್ಕೆ ಕಟ್ಟಿದರು. ಗಡ್ಡೆಯಿಂದ ಸ್ರವಿಸುವ ಸೆರೊಟೊನಿನ್ ಮೊದಲಾದ ರಾಸಾಯನಿಕಗಳನ್ನು ಯಕೃತ್ತು ಬಹುಮಟ್ಟಿಗೆ ಒಡೆದುಹಾಕುತ್ತದೆ. ಗಡ್ಡೆ ಯಕೃತ್ತಿಗೇ ಹರಡಿದ ಮೇಲೆ ಅವು ನೇರವಾಗಿ ರಕ್ತ ಸೇರಿ ಇಂಥ ಲಕ್ಷಣಗಳನ್ನು ತೋರಿಸುತ್ತವೆ. ಅಂದರೆ ಮುಖ ಕೆಂಪೇರುವ ಹೊತ್ತಿಗೆ ಕಾಯಿಲೆ ಸಾಮಾನ್ಯವಾಗಿ ಒಂದು ಮಜಲು ದಾಟಿರುತ್ತದೆ. ಇದನ್ನು ಖಚಿತಪಡಿಸಲು ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು, ಸೆರೊಟೊನಿನ್ ಒಡೆದಾಗ ಉಂಟಾಗುವ 5-ಎಚ್‌ಐಎಎ ಎಂಬ ವಸ್ತುವಿನ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಮುಂಚೆ ಬಾಳೆಹಣ್ಣು, ಅನಾನಸು, ಬೆಣ್ಣೆಹಣ್ಣು, ಟೊಮೆಟೊ ತಿನ್ನಬಾರದು, ಕಾಫಿಯನ್ನೂ ಬಿಡಬೇಕು ಎಂದು ಲ್ಯಾಬಿನವರು ಚೀಟಿ ಕೊಟ್ಟಿದ್ದರು. ಅಕ್ಕ ಅದನ್ನು ಓದಿ, "ನಮ್ಮ ಹಿತ್ತಲನ್ನೇ ನೋಡಿ ಬರೆದ ಹಾಗಿದೆ ಮಾರಾಯ, ಇನ್ನು ಉಳಿದದ್ದು ಬೇಲಿ ಮಾತ್ರ" ಎಂದಳು.

ಈ ಜಾತಿಯ ಗಡ್ಡೆಗಳಿಗೆ ಅಂಟಿಕೊಂಡು ಅವನ್ನು ಹೊಳೆಯುವಂತೆ ಮಾಡುವ ಮದ್ದು ಕೊಟ್ಟು ತೆಗೆಯುವ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನಿನಲ್ಲಿ ಗಡ್ಡೆಗಳ ಬಹುಪಾಲು ಯಕೃತ್ತಿನಲ್ಲೇ, ಅದರಲ್ಲೂ ಬಲಭಾಗದಲ್ಲಿ, ಇರುವುದು ಕಂಡಿತು. ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದಷ್ಟು ಸಂಖ್ಯೆಯಲ್ಲಿದ್ದವು. ಹಾರ್ಮೋನು ಸ್ರಾವವನ್ನು ತಗ್ಗಿಸಲು ತಿಂಗಳಿಗೊಮ್ಮೆ ಕೊಡುವ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಕೆಲಕಾಲ ಹಿಡಿತದಲ್ಲಿ ಇಟ್ಟಿತ್ತು. ಆಮೇಲೆ ಗಡ್ಡೆಗಳು ಮತ್ತೆ ಬೆಳೆದವು. ಆಗ ಆಸ್ಪತ್ರೆಯ ಬೇರೆ ಬೇರೆ ವಿಭಾಗದ ತಜ್ಞರು ಕೂಡಿ ನಿರ್ಧರಿಸುವ ಟ್ಯೂಮರ್ ಬೋರ್ಡ್ ರೇಡಿಯೋಎಂಬೊಲೈಸೇಷನ್ ಸೂಚಿಸಿತು.

ಈ ಚಿಕಿತ್ಸೆ ನಿಂತಿರುವುದು ಯಕೃತ್ತಿನ ಒಂದು ವಿಶೇಷದ ಮೇಲೆ. ಯಕೃತ್ತಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ: ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದಿಂದ, ಉಳಿದದ್ದು ಯಕೃತ್ ಧಮನಿಯಿಂದ. ಆರೋಗ್ಯವಾಗಿರುವ ಭಾಗ ಮೊದಲನೆಯದನ್ನು ನೆಚ್ಚಿದ್ದರೆ ಗಡ್ಡೆಗಳು ಹೆಚ್ಚಾಗಿ ಧಮನಿಯ ರಕ್ತವನ್ನೇ ಹೀರುತ್ತವೆ. ಆದ್ದರಿಂದ ಧಮನಿಯೊಳಗೆ ಸಪೂರ ನಳಿಕೆ ತೂರಿಸಿ, ಯಟ್ರಿಯಂ-90 ಎಂಬ ವಿಕಿರಣಶೀಲ ವಸ್ತುವನ್ನು ಹೊತ್ತ ಅತಿ ಸಣ್ಣ ಮಣಿಗಳನ್ನು ಬಿಟ್ಟರೆ ಅವು ರಕ್ತದೊಡನೆ ಹೋಗಿ ಬಹುಪಾಲು ಗಡ್ಡೆಯ ಸೂಕ್ಷ್ಮನಾಳಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಇಡೀ ತೋಟಕ್ಕೆ ಸ್ಪ್ರಿಂಕ್ಲರ್ ಹಾರಿಸುವ ಬದಲು ಬೇಕಾದ ಗಿಡದ ಬುಡಕ್ಕೇ ಪೈಪು ಎಳೆದಂತೆ ಎಂದು ಭಾವನಿಗೆ ನಾನು ವಿವರಿಸಿದೆ. ರಾಳದ ಮಣಿಗಳ ಗಾತ್ರ 20ರಿಂದ 60 ಮೈಕ್ರಾನ್, ಗಾಜಿನ ಮಣಿಗಳದು 20ರಿಂದ 30 ಮೈಕ್ರಾನ್. ಮೊದಲನೆಯದು ಸರ್-ಸ್ಪಿಯರ್ಸ್, ಎರಡನೆಯದು ಥೆರಾಸ್ಫಿಯರ್ ಎಂಬ ಹೆಸರಿನಲ್ಲಿ ಬರುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರವೂ ಭಾಭಾಸ್ಫಿಯರ್ ಎಂಬ ಗಾಜಿನ ಮಣಿಯನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಯಟ್ರಿಯಂ ಸೂಸುವ ಬೀಟಾ ಕಿರಣ ಅಂಗಾಂಶದಲ್ಲಿ ಸರಾಸರಿ ಎರಡೂವರೆ ಮಿಲಿಮೀಟರ್, ಹೆಚ್ಚೆಂದರೆ 11 ಮಿಲಿಮೀಟರ್ ಸಾಗುತ್ತದೆ. ಹೊರಗಿನಿಂದ ಕೊಡುವ ವಿಕಿರಣದಲ್ಲಿ ಇಡೀ ಯಕೃತ್ತು ತಾಳಲಾರದ ಪ್ರಮಾಣವನ್ನು ಗಡ್ಡೆಗೆ ಮಾತ್ರ ಕೊಡಲು ಸಾಧ್ಯವಾಗುವುದು ಈ ಕಾರಣದಿಂದ.

ಕೆಲಸ ಎರಡು ಕಂತಿನಲ್ಲಿ ನಡೆಯುತ್ತದೆ ಎಂಬುದನ್ನು ಕೊಡಗಿನಿಂದ ಹೋಗುವವರು ಮೊದಲೇ ತಿಳಿದಿರಬೇಕು. ಮೊದಲ ಕಂತು ನಕ್ಷೆ ತೆಗೆಯುವುದು. ಅಂದು ಆಂಜಿಯೋಗ್ರಾಂ ಮಾಡಿ ಧಮನಿಯ ಕವಲುಗಳನ್ನು ಗುರುತಿಸುತ್ತಾರೆ; ಹೊಟ್ಟೆ ಅಥವಾ ಸಣ್ಣಕರುಳಿನ ಕಡೆಗೆ ಹೋಗುವ ಕವಲು ಅಪಾಯಕರ ಜಾಗದಲ್ಲಿದ್ದರೆ ಅದನ್ನು ಸಣ್ಣ ಸುರುಳಿ ತಂತಿಯಿಂದ ಮುಚ್ಚುತ್ತಾರೆ, ಇಲ್ಲವಾದರೆ ಮಣಿಗಳು ಅತ್ತ ಸರಿದು ವಾಸಿಯಾಗದ ಹುಣ್ಣು ಮಾಡಬಹುದು. ಬಳಿಕ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಬೆರೆಸಿದ ಪರೀಕ್ಷಾ ಕಣಗಳನ್ನು ಬಿಟ್ಟು ಅವುಗಳಲ್ಲಿ ಎಷ್ಟು ಪಾಲು ಶ್ವಾಸಕೋಶಕ್ಕೆ ದಾಟಿತು ಎಂದು ಗಾಮಾ ಕ್ಯಾಮೆರಾದಲ್ಲಿ ಅಳೆಯುತ್ತಾರೆ. ರಾಳದ ಮಣಿಯಾದರೆ ಈ ಸೋರಿಕೆ ಶೇಕಡಾ 20 ದಾಟಿದವರಿಗೆ ಚಿಕಿತ್ಸೆ ಕೊಡುವುದಿಲ್ಲ. ಒಂದು ಬಾರಿಗೆ ಶ್ವಾಸಕೋಶಕ್ಕೆ 30 ಗ್ರೇಗಿಂತ (ಗ್ರೇ ಎಂದರೆ ವಿಕಿರಣದ ಅಳತೆಯ ಮಾನ) ಹೆಚ್ಚು ವಿಕಿರಣ ತಾಗಬಾರದು ಎಂಬ ಮಿತಿಯೂ ಇದೆ. ಇಷ್ಟೆಲ್ಲ ಆದ ಮೇಲೆ, ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು, ನಿಜವಾದ ಚಿಕಿತ್ಸೆ. "ಮೊದಲ ದಿನವೇ ಮುಗಿಸಿಬಿಡಬಾರದಾ ಡಾಕ್ಟ್ರೇ?" ಎಂದು ಭಾವ ಕೇಳಿದ್ದಕ್ಕೆ ಇಂಟರ್ವೆನ್ಷನಲ್ ರೇಡಿಯಾಲಜಿಯ, ಅಂದರೆ ಚಿತ್ರ ನೋಡುತ್ತಲೇ ನಳಿಕೆ ತೂರಿಸುವ ವಿಭಾಗದ, ವೈದ್ಯರು ಬೇಸರಿಸದೆ ಆಂಜಿಯೋ ಚಿತ್ರವನ್ನೇ ಪರದೆಗೆ ತಂದು, ಹೊಟ್ಟೆಯ ಕಡೆ ತಿರುಗಿದ್ದ ಒಂದು ಎಳೆಯಷ್ಟು ಸಪೂರ ಕವಲನ್ನು ಪೆನ್ನಿನ ತುದಿಯಲ್ಲಿ ತೋರಿಸಿ, "ಇದನ್ನು ಮುಚ್ಚದೆ ಮಾಡಿದ್ದರೆ ನೀವು ಇನ್ನೊಂದು ಕಾಯಿಲೆ ಹೊತ್ತುಕೊಂಡು ಊರಿಗೆ ಹೋಗುತ್ತಿದ್ದಿರಿ" ಎಂದರು. ಅವರಿಗೆ ನಾನು ಕೊಟ್ಟ ಪೂರ್ಣ ಅಂಕಕ್ಕೆ ಆ ಒಂದು ಚಿತ್ರ ಸಾಕು.

ಎರಡನೆಯ ದಿನಾಂಕ ತಪ್ಪಬಾರದು. ಯಟ್ರಿಯಂ-90ರ ಅರ್ಧಾಯುಷ್ಯ ಸುಮಾರು 64 ಗಂಟೆ, ಅಂದರೆ ಮೂರು ದಿನ ತುಂಬುವುದರೊಳಗೆ ಅದರ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ರೋಗಿಯ ಹೆಸರಿನಲ್ಲಿ, ಅವರ ಗಡ್ಡೆಯ ಮತ್ತು ಯಕೃತ್ತಿನ ಗಾತ್ರಕ್ಕೆ ಲೆಕ್ಕ ಹಾಕಿ ತರಿಸಿದ ಔಷಧಿ ಆ ದಿನ ಬಳಕೆಯಾಗದಿದ್ದರೆ ಹಾಳಾದಂತೆಯೇ, ಹಣ ವಾಪಸು ಬರುವುದಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ದಿನಾಂಕ ಸಿಕ್ಕರೆ ನಮ್ಮ ಕಡೆಯವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಕಾವೇರಿ ಏರಿ ನಾಪೋಕ್ಲು–ಮೂರ್ನಾಡು ರಸ್ತೆಯ ಮೇಲೆ ನೀರು ನಿಂತರೆ, ಇಲ್ಲವೇ ಮಡಿಕೇರಿಯ ಹತ್ತಿರ ಗುಡ್ಡ ಕುಸಿದರೆ, ಹೊರದೇಶದಿಂದ ವಿಮಾನ ಏರಿ ಬಂದ ಮಣಿ ಆಸ್ಪತ್ರೆ ತಲುಪಿರುತ್ತದೆ, ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರ್ ದೂರದ ರೋಗಿ ತಲುಪಿರುವುದಿಲ್ಲ. 2018ರ ಆಗಸ್ಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲೇ ಹೊರಟು ಕುಶಾಲನಗರದ ಆಚೆ ಎಲ್ಲಾದರೂ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ನಾವು ಹುಣಸೂರಿನಲ್ಲಿ ಉಳಿದೆವು.

ಚಿಕಿತ್ಸೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೊಡೆಯ ಸಂದಿನಲ್ಲಿ ಮರಗಟ್ಟುವ ಮದ್ದು ಕೊಟ್ಟು ನಳಿಕೆ ಹಾಕಿದರು, ಅಕ್ಕ ಎಚ್ಚರವಾಗಿಯೇ ಇದ್ದಳು. ಗಮನಿಸಬೇಕಾದ ಒಂದು ಸಂಗತಿ ಎಂದರೆ, ಹಾರ್ಮೋನು ಸ್ರವಿಸುವ ಗಡ್ಡೆಯನ್ನು ಕೆಣಕಿದಾಗ ಒಮ್ಮೆಲೇ ಬಿಡುಗಡೆಯಾಗುವ ರಾಸಾಯನಿಕಗಳಿಂದ ರಕ್ತದೊತ್ತಡ ವಿಪರೀತ ಏರುಪೇರಾಗುವ ಕಾರ್ಸಿನಾಯ್ಡ್ ಕ್ರೈಸಿಸ್ ಎಂಬ ತುರ್ತು ಸ್ಥಿತಿ ಬರಬಹುದು. ಅದನ್ನು ತಡೆಯಲು ಮುಂಚಿತವಾಗಿ ಆಕ್ಟ್ರಿಯೊಟೈಡ್ ಡ್ರಿಪ್ ಹಾಕಿದ್ದರು. ಹೃದಯದ ಬಲಭಾಗದ ಕವಾಟಗಳನ್ನು ಈ ಕಾಯಿಲೆ ಹಾಳುಮಾಡುವ ಸಾಧ್ಯತೆ ಇರುವುದರಿಂದ ಎಕೋ ಪರೀಕ್ಷೆಯನ್ನೂ ಮೊದಲೇ ಮಾಡಿಸಿದ್ದರು. ಇವೆರಡನ್ನೂ ಕೇಳದೆಯೇ ಮಾಡುವ ಆಸ್ಪತ್ರೆ ಈ ಕಾಯಿಲೆಯನ್ನು ಅರಿತ ಆಸ್ಪತ್ರೆ ಎಂದು ತಿಳಿಯಬಹುದು. ಮನೆಗೆ ಬಂದ ಮೇಲೆ ಕೆಲವು ದಿನ ಚಿಕ್ಕ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬಾರದು, ಗರ್ಭಿಣಿಯರಿಂದ ಸ್ವಲ್ಪ ದೂರ ಇರಬೇಕು ಎಂದಿದ್ದರು. ಸುಮಾರು 11 ದಿನಗಳಲ್ಲಿ ವಿಕಿರಣದ ಶೇಕಡಾ 94ರಷ್ಟು ಮುಗಿದಿರುತ್ತದೆ. ಬೀಟಾ ಕಿರಣ ದೇಹದೊಳಗೇ ಉಳಿಯುವುದರಿಂದ ನೆರೆಹೊರೆಯವರು ಹೆದರಬೇಕಾದದ್ದೇನೂ ಇಲ್ಲ. ಸುಸ್ತು ಮಾತ್ರ ಕೆಲವು ವಾರ ಬಿಡಲಿಲ್ಲ. ಸಣ್ಣ ಜ್ವರ, ವಾಕರಿಕೆ, ಬಲಪಕ್ಕೆಯಲ್ಲಿ ನೋವು ಬಂದು ಹೋದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಗಡ್ಡೆ ಎಷ್ಟು ಮಣಿಯುತ್ತದೆ?

ಚಿಕಿತ್ಸೆಗೆ ಮುಂಚೆ ಆಸ್ಪತ್ರೆಯ ಸಲಹೆಗಾರರು ನಮಗೆ ಹೇಳಿದ್ದು "ರೆಸ್ಪಾನ್ಸ್ ತುಂಬಾ ಚೆನ್ನಾಗಿರುತ್ತೆ" ಎಂಬ ಒಂದೇ ಮಾತು. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. 2008ರಲ್ಲಿ ಪ್ರಕಟವಾದ ಕೆನಡಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹತ್ತು ಕೇಂದ್ರಗಳ 148 ರೋಗಿಗಳಿದ್ದರು. ಅವರಲ್ಲಿ ಶೇಕಡಾ 60.5ರಷ್ಟು ಪ್ರಕರಣಗಳಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು, ಶೇಕಡಾ 2.7ರಲ್ಲಿ ಸಂಪೂರ್ಣ ಕಾಣದಾಯಿತು, ಶೇಕಡಾ 22.7ರಲ್ಲಿ ಇದ್ದ ಹಾಗೆಯೇ ಉಳಿಯಿತು, ಶೇಕಡಾ 4.9ರಲ್ಲಿ ಬೆಳೆಯಿತು. 2014ರಲ್ಲಿ ಹನ್ನೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಕುಗ್ಗಿದವರು ಸುಮಾರು ಅರ್ಧ, ಕುಗ್ಗಿದವರನ್ನೂ ಸ್ಥಿರವಾದವರನ್ನೂ ಸೇರಿಸಿದರೆ ಶೇಕಡಾ 86. ನಂತರ 2019ರಲ್ಲಿ ಬ್ರಾಟ್ ಮತ್ತು ಸಂಗಡಿಗರು ಹಲವು ದೇಶಗಳ 244 ರೋಗಿಗಳ ಸ್ಕ್ಯಾನುಗಳನ್ನು ಎರಡು ಅಳತೆಗೋಲುಗಳಿಂದ ಅಳೆದರು. ಗಡ್ಡೆಯ ಉದ್ದಳತೆಯನ್ನು ಮಾತ್ರ ನೋಡುವ ರೆಸಿಸ್ಟ್ ಎಂಬ ಪದ್ಧತಿಯಲ್ಲಿ ಕುಗ್ಗಿದವರು ಶೇಕಡಾ 16 ಮಾತ್ರ. ರಕ್ತ ಹರಿಯುತ್ತಿರುವ ಜೀವಂತ ಭಾಗವನ್ನು ಮಾತ್ರ ಅಳೆಯುವ ಪರಿಷ್ಕೃತ ಪದ್ಧತಿಯಲ್ಲಿ ಅದೇ ಜನರಲ್ಲಿ ಶೇಕಡಾ 43. ಎರಡರಲ್ಲೂ ಗಡ್ಡೆ ಬೆಳೆದದ್ದು ಶೇಕಡಾ 9ರಷ್ಟು ಜನರಲ್ಲಿ.

ಜನ ಅವರೇ, ಸ್ಕ್ಯಾನ್ ಅದೇ, ಕೋಲು ಬೇರೆಯಾದೊಡನೆ ಅಂಕಿ ಎರಡೂವರೆ ಪಟ್ಟಾಯಿತು. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಚಿಕಿತ್ಸೆಯಾಗಿ ಮೂರು ತಿಂಗಳಿಗೆ ಮಾಡಿಸಿದ ಸ್ಕ್ಯಾನಿನ ವರದಿ ಬಂದ ದಿನ ಮನೆಯಲ್ಲಿ ಒಲೆ ಹೊತ್ತದೆ ಇರುತ್ತಿರಲಿಲ್ಲ. ವರದಿಯ ಕೊನೆಯ ಸಾಲಿನಲ್ಲಿ ಇದ್ದದ್ದು 'ಸ್ಟೇಬಲ್ ಡಿಸೀಸ್'. ದೊಡ್ಡ ಗಡ್ಡೆಯ ಅಳತೆ ಮುಂಚಿನದಕ್ಕಿಂತ ಕೆಲವೇ ಮಿಲಿಮೀಟರ್ ಕಡಿಮೆ. ಇಷ್ಟು ಹಣ ಸುರಿದು ಇಷ್ಟೇನಾ ಎಂದು ಭಾವ ಜಗಲಿಯಲ್ಲಿ ಕೂತುಬಿಟ್ಟರು. ವರದಿಯ ನಡುವಿನ ಪ್ಯಾರಾವನ್ನು ನಾನು ಮಡಿಕೇರಿಯ ನಮ್ಮ ಫಿಸಿಷಿಯನ್ ಬಳಿಗೆ ಒಯ್ದಾಗ ಅವರು ಸಿಡಿಯನ್ನು ತಮ್ಮ ಕಂಪ್ಯೂಟರಿಗೆ ಹಾಕಿ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಹಳೆಯದರಲ್ಲಿ ಕಾಂಟ್ರಾಸ್ಟ್ ಮದ್ದು ಹರಿದಾಗ ಗಡ್ಡೆಯೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಹೊಸದರಲ್ಲಿ ಅಂಚಿನಲ್ಲಿ ಮಾತ್ರ ಒಂದು ಬಿಳಿ ಎಳೆ, ಒಳಗೆಲ್ಲ ಕಪ್ಪು. ಗಾತ್ರ ಬಹುತೇಕ ಅಷ್ಟೇ, ಆದರೆ ಒಳಗಿನ ಹೆಚ್ಚಿನ ಪಾಲಿನಲ್ಲಿ ರಕ್ತದ ಹರಿವು ಇರಲಿಲ್ಲ, ಅಂದರೆ ಸತ್ತಿತ್ತು. ಸತ್ತ ಭಾಗವನ್ನು ದೇಹ ನಿಧಾನವಾಗಿ ಕರಗಿಸುತ್ತದೆ. ಈ ಜಾತಿಯ ಗಡ್ಡೆಗಳಲ್ಲಿ ಗಾತ್ರ ಇಳಿಯಲು ಆರು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕಾಗುತ್ತದೆ. ನಮ್ಮ ಮುಂದಿನ ಸ್ಕ್ಯಾನಿನಲ್ಲಿ ಅಳತೆಯೂ ಇಳಿಯಿತು. ರೆಸಿಸ್ಟ್ ಪ್ರಕಾರ ಶೇಕಡಾ 30 ಇಳಿದರೆ ಮಾತ್ರ ಅದನ್ನು 'ಕುಗ್ಗಿದೆ' ಎಂದು ಬರೆಯುತ್ತಾರೆ, ಶೇಕಡಾ 20 ಹೆಚ್ಚಿದರೆ 'ಬೆಳೆದಿದೆ' ಎಂದು, ನಡುವಿನದ್ದೆಲ್ಲ 'ಸ್ಟೇಬಲ್'. ಬೆಳೆಯುತ್ತಿದ್ದ ಗಡ್ಡೆ ನಿಂತಿದೆ ಎಂಬುದೇ ಈ ಕಾಯಿಲೆಯಲ್ಲಿ ದೊಡ್ಡ ಫಲ ಎಂದು ಎರಡು ನಿಮಿಷ ಕೂತು ಹೇಳುವವರು ಆ ಆಸ್ಪತ್ರೆಯಲ್ಲಿ ಸಿಗಲಿಲ್ಲ. ಚಿಕಿತ್ಸೆಗೆ ಮುಂಚೆ ಎಷ್ಟು ಸಲ ಬೇಕಾದರೂ ಫೋನ್ ಎತ್ತುತ್ತಿದ್ದ ಸಲಹೆಗಾರರು ವರದಿಯ ಬಗ್ಗೆ ಕೇಳಿದಾಗ ಹೊಸ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ ಎಂದರು.

ಸ್ಕ್ಯಾನಿಗಿಂತ ಮುಂಚೆ ಫಲ ಕಾಣುವುದು ಲಕ್ಷಣಗಳಲ್ಲಿ. ಬ್ರಾಟ್ ಅಧ್ಯಯನದಲ್ಲಿ ಮೊದಲು ಹಾರ್ಮೋನಿನ ತೊಂದರೆ ಇದ್ದವರ ಪೈಕಿ ಬಹುಪಾಲು ಜನರಿಗೆ ಅದು ಕಡಿಮೆಯಾಯಿತು, ಸುಮಾರು ಮೂರರಲ್ಲಿ ಒಬ್ಬರಿಗೆ ಪೂರ್ತಿ ಹೋಯಿತು. ಅಕ್ಕನ ಮುಖ ಕೆಂಪೇರುವುದು ಬಹಳ ಕಡಿಮೆಯಾಗಿದೆ. ಭೇದಿಯ ಭಯದಿಂದ ಮದುವೆ ಮನೆಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದವಳು ಈಗ ವಿರಾಜಪೇಟೆಯವರೆಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಯಾವ ಅಳತೆಗೋಲಿನಲ್ಲೂ ಇದಕ್ಕೆ ಕಲಂ ಇಲ್ಲ; ನನ್ನ ಲೆಕ್ಕದಲ್ಲಿ ಇದಕ್ಕೇ ಹೆಚ್ಚು ತೂಕ.

ಎಷ್ಟು ಕಾಲ ಬದುಕುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ರೋಗಿಯ ಮುಂದೆ ಕೇಳುವುದಿಲ್ಲ, ಬಾಗಿಲ ಹೊರಗೆ ಕೇಳುತ್ತಾರೆ. ಉತ್ತರವೂ ಅಷ್ಟೇ ಅರೆಬರೆ ಬರುತ್ತದೆ. ಕೆನಡಿ ಅಧ್ಯಯನದಲ್ಲಿ ಮಧ್ಯಾಂಕ ಬದುಕುಳಿವು 70 ತಿಂಗಳು. 2014ರ ವಿಶ್ಲೇಷಣೆಯಲ್ಲಿ ಅದು 28.5 ತಿಂಗಳು. ಒಂದೇ ಚಿಕಿತ್ಸೆಗೆ ಇಷ್ಟು ಅಂತರ ಬರಲು ಚಿಕಿತ್ಸೆಗಿಂತ ಹೆಚ್ಚಾಗಿ ಸೇರಿಸಿಕೊಂಡ ರೋಗಿಗಳೇ ಕಾರಣ: ಯಾವ ದರ್ಜೆ, ಯಕೃತ್ತಿನ ಎಷ್ಟು ಪಾಲು ಆಕ್ರಮಿತವಾಗಿದೆ, ಹೊರಗೆ ಎಲುಬಿಗೋ ಗ್ರಂಥಿಗೋ ಹರಡಿದೆಯೇ, ಮೊದಲು ಎಷ್ಟು ಚಿಕಿತ್ಸೆ ಆಗಿತ್ತು ಎಂಬುದರಿಂದ ಎಲ್ಲವೂ ಬದಲಾಗುತ್ತದೆ. ದರ್ಜೆಯ ಪ್ರಕಾರ ಬಿಡಿಸಿದ ಬ್ರಾಟ್ ಅಂಕಿಗಳೇ ಹೆಚ್ಚು ಉಪಯುಕ್ತ: ಮೊದಲ ದರ್ಜೆಗೆ 3.7 ವರ್ಷ, ಎರಡನೆಯದಕ್ಕೆ 2.7 ವರ್ಷ, ಮೂರನೆಯದಕ್ಕೆ 0.7 ವರ್ಷ. ಇವು ಕಾಯಿಲೆ ಪತ್ತೆಯಾದ ದಿನದಿಂದಲ್ಲ, ಈ ಚಿಕಿತ್ಸೆ ಪಡೆದ ದಿನದಿಂದ ಎಣಿಸಿದವು. ಅದೂ ಬಹುಮಟ್ಟಿಗೆ ಬೇರೆ ಮದ್ದುಗಳಿಗೆ ಬಗ್ಗದೆ ಇದ್ದವರಲ್ಲಿ. ಮಧ್ಯಾಂಕ ಎಂದರೆ ಅರ್ಧದಷ್ಟು ಜನ ಅದನ್ನು ದಾಟಿ ಬದುಕಿದ್ದಾರೆ ಎಂದು. ಅದು ಯಾರ ಕೈಗೂ ಕೊಟ್ಟ ಗಡುವಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇವೆಲ್ಲ ಹಿಂದಿನ ದಾಖಲೆಗಳನ್ನು ತೆಗೆದು ನೋಡಿದ ಅಥವಾ ಒಂದೇ ಗುಂಪನ್ನು ಅನುಸರಿಸಿದ ಅಧ್ಯಯನಗಳು. ಗಡ್ಡೆ ತಾನೇ ನಿಧಾನದ್ದಾಗಿರುವಾಗ, ಮಣಿ ಹಾಕಿದ್ದರಿಂದ ಎಷ್ಟು ಆಯಸ್ಸು ಹೆಚ್ಚಾಯಿತು, ಹಾಕದಿದ್ದರೂ ಎಷ್ಟು ಇರುತ್ತಿತ್ತು ಎಂದು ಇವುಗಳಿಂದ ಬೇರ್ಪಡಿಸಲಾಗದು. ಆಯಸ್ಸು ಖಂಡಿತ ಹೆಚ್ಚುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅವರು ವೈದ್ಯಕೀಯವನ್ನಲ್ಲ, ಪ್ಯಾಕೇಜನ್ನು ಮಾರುತ್ತಿದ್ದಾರೆ.

ಪರ್ಯಾಯಗಳ ಬಗ್ಗೆ ಕೇಳದೆ ಒಪ್ಪಿಕೊಳ್ಳಬೇಡಿ. ಗಡ್ಡೆಗಳು ಡೋಟಾಟೇಟ್ ಸ್ಕ್ಯಾನಿನಲ್ಲಿ ಚೆನ್ನಾಗಿ ಹೊಳೆಯುತ್ತಿದ್ದು ಯಕೃತ್ತಿನ ಹೊರಗೂ ಸಾಕಷ್ಟು ಇದ್ದರೆ ರಕ್ತನಾಳಕ್ಕೆ ಕೊಡುವ ಲ್ಯುಟೀಷಿಯಂ-177 ಎಂಬ ವಿಕಿರಣಶೀಲ ಮದ್ದಿನ ಚಿಕಿತ್ಸೆ ಇಡೀ ದೇಹಕ್ಕೆ ತಲುಪುತ್ತದೆ. ಅದಕ್ಕೆ ಗಟ್ಟಿಯಾದ ಪುರಾವೆಯೂ ಇದೆ: 2017ರಲ್ಲಿ ಪ್ರಕಟವಾದ ನೆಟ್ಟರ್-1 ಪ್ರಯೋಗದಲ್ಲಿ 229 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದಾಗ, 20 ತಿಂಗಳ ಹೊತ್ತಿಗೆ ಕಾಯಿಲೆ ಬೆಳೆಯದೆ ಉಳಿದವರು ಲ್ಯುಟೀಷಿಯಂ ಗುಂಪಿನಲ್ಲಿ ಶೇಕಡಾ 65.2, ಹೆಚ್ಚಿನ ಪ್ರಮಾಣದ ಆಕ್ಟ್ರಿಯೊಟೈಡ್ ಮಾತ್ರ ಪಡೆದವರಲ್ಲಿ ಶೇಕಡಾ 10.8. ಗಡ್ಡೆ ಕುಗ್ಗಿದ್ದು ಮಾತ್ರ ಶೇಕಡಾ 18 ಜನರಲ್ಲಿ. ಅಂದರೆ ಕುಗ್ಗಿಸುವ ಶಕ್ತಿಯಲ್ಲಿ ಮಣಿಯ ಚಿಕಿತ್ಸೆ ಮುಂದಿರುವಂತೆ ಕಂಡರೂ ಪುರಾವೆಯ ಗಟ್ಟಿತನದಲ್ಲಿ ಲ್ಯುಟೀಷಿಯಂ ಬಹಳ ಮುಂದಿದೆ. ಅಕ್ಕನ ಕಾಯಿಲೆ ಬಹುಪಾಲು ಯಕೃತ್ತಿನಲ್ಲೇ ಇದ್ದು ಕೆಲವು ಗಡ್ಡೆಗಳು ಸ್ಕ್ಯಾನಿನಲ್ಲಿ ಮಂಕಾಗಿದ್ದವು. ಆದ್ದರಿಂದ ಬೋರ್ಡ್ ಮಣಿಯನ್ನು ಆರಿಸಿತು. ಆ ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟರು, ಅದು ಮೆಚ್ಚತಕ್ಕದ್ದು. ಗಡ್ಡೆಯ ರಕ್ತನಾಳವನ್ನು ಮುಚ್ಚುವ, ವಿಕಿರಣವಿಲ್ಲದ ಎಂಬೊಲೈಸೇಷನ್ ಮತ್ತು ಅದಕ್ಕೆ ಕೀಮೋ ಬೆರೆಸಿದ್ದು ಅಗ್ಗವಾಗಿವೆ, ಆದರೆ ನಂತರದ ನೋವು ಜ್ವರ ಹೆಚ್ಚು, ಆಸ್ಪತ್ರೆಯಲ್ಲಿ ಇರಬೇಕಾದ ಕಾಲವೂ ಹೆಚ್ಚು.

ನನ್ನ ನಿಜವಾದ ದೂರು ಡಿಸ್ಚಾರ್ಜ್ ಸಮರಿಯ ಮೇಲೆ. ಈ ಚಿಕಿತ್ಸೆಯ ಗಂಭೀರ ತೊಡಕು ತಕ್ಷಣ ಬರುವುದಿಲ್ಲ. ವಿಕಿರಣದಿಂದ ಆರೋಗ್ಯವಂತ ಯಕೃತ್ತು ಬಳಲಿ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ನಂತರ. ಅಪರೂಪವಾದರೂ ಬಂದಾಗ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಆ ಹೊತ್ತಿಗೆ ರೋಗಿ ಊರಿನಲ್ಲಿರುತ್ತಾರೆ, ನೋಡುವವರು ಊರಿನ ವೈದ್ಯರು. ಮಳೆಗಾಲದಲ್ಲಿ ಕೊಡಗಿನಲ್ಲಿ ಕಣ್ಣು ಹಳದಿಯಾಗಿದೆ ಎಂದರೆ ಮೊದಲು ನೀರಿನ ಕಾಮಾಲೆ ಎಂದೋ ಇಲಿಜ್ವರ ಎಂದೋ ಯೋಚಿಸುವುದು ಸಹಜ. ನಮಗೆ ಕೊಟ್ಟ ಸಮರಿಯಲ್ಲಿ ವಿಕಿರಣದ ಪ್ರಮಾಣ, ನಳಿಕೆಯ ಬ್ರ್ಯಾಂಡು, ಬಳಸಿದ ತಂತಿಯ ಅಳತೆ ಎಲ್ಲ ಇತ್ತು. ಯಾವ ವಾರದಲ್ಲಿ ಯಕೃತ್ತಿನ ಸ್ಥಿತಿ ತಿಳಿಸುವ ಬಿಲಿರುಬಿನ್, ಅಲ್ಬುಮಿನ್ ಎಂಬ ರಕ್ತದ ಅಂಕಿಗಳನ್ನು ನೋಡಬೇಕು, ಎಷ್ಟು ದಾಟಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಇರಲಿಲ್ಲ. ಅಕ್ಕನಿಗೆ ಅಂಥದ್ದೇನೂ ಆಗಲಿಲ್ಲ. ಆದರೂ ಮಡಿಕೇರಿಯ ವೈದ್ಯರು ತಾವಾಗಿಯೇ ಓದಿಕೊಂಡು ನಿಯತವಾಗಿ ರಕ್ತ ಪರೀಕ್ಷೆ ಬರೆದುಕೊಟ್ಟದ್ದರಿಂದಲೇ ನಾವು ನಿಶ್ಚಿಂತೆಯಿಂದಿದ್ದದ್ದು.

ಅದೇ ಸಮರಿಯ ಇನ್ನೊಂದು ಲೋಪ ನಮ್ಮನ್ನು ಒಂದು ವಾರ ನಿದ್ದೆಗೆಡಿಸಿತು. ಹೊಟ್ಟೆಯ ಹುಣ್ಣು ತಡೆಯಲು ಪ್ಯಾಂಟೊಪ್ರಜೋಲ್ ಮಾತ್ರೆ ಬರೆದಿದ್ದರು, ಮುಂದಿನ ಭೇಟಿಗೆ ಈ ಗಡ್ಡೆಗಳ ಸುಳಿವು ಕೊಡುವ ಕ್ರೋಮೊಗ್ರಾನಿನ್-ಎ ರಕ್ತ ಪರೀಕ್ಷೆಯನ್ನೂ ಬರೆದಿದ್ದರು. ಈ ಮಾತ್ರೆಯೇ ಆ ಅಂಕಿಯನ್ನು ಏರಿಸುತ್ತದೆ! ವರದಿಯಲ್ಲಿ ಅಂಕಿ ಏರಿ ಬಂದಿತು, ಗಡ್ಡೆ ಮರುಕಳಿಸಿತು ಎಂದು ಮನೆಯಲ್ಲಿ ಎಲ್ಲರೂ ಕಂಗಾಲು. ವೈದ್ಯರ ಸೂಚನೆಯಂತೆ ಮಾತ್ರೆ ನಿಲ್ಲಿಸಿ ಸ್ವಲ್ಪ ಸಮಯ ಬಿಟ್ಟು ಮತ್ತೆ ಮಾಡಿಸಿದಾಗ ಇಳಿದಿತ್ತು. ಗ್ಯಾಸ್ಟ್ರಿಕ್ ಮಾತ್ರೆಯನ್ನು ನಮ್ಮಲ್ಲಿ ಊಟದ ಉಪ್ಪಿನಕಾಯಿಗಿಂತ ಸಲೀಸಾಗಿ ನುಂಗುತ್ತಾರೆ. ಈ ಪರೀಕ್ಷೆಗೆ ಹೋಗುವವರು ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ಮಣಿ ಹಾಕಿದ ಮೇಲೂ ತಿಂಗಳ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಮುಂದುವರಿಯುತ್ತದೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಜೋರು ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆ ಮನೆಯ ಫ್ರಿಜ್ ನಂಬುವಂತಿಲ್ಲ. ಜನರೇಟರ್ ಇರುವ ಮೆಡಿಕಲ್ ಶಾಪಿನಲ್ಲೇ ಇರಿಸಿ, ಕೊಡಿಸುವ ದಿನ ಐಸ್ ಡಬ್ಬಿಯಲ್ಲಿ ತರುವುದು ವಾಸಿ. ಪುಡಿಯನ್ನು ದ್ರವದಲ್ಲಿ ಸರಿಯಾಗಿ ಕಲಸದಿದ್ದರೆ ಸೂಜಿಯಲ್ಲೇ ಗಟ್ಟಿಯಾಗುತ್ತದೆ, ದುಬಾರಿ ಮದ್ದು ಹೋದ ಹಾಗೆಯೇ. ಈ ಕೆಲಸ ಬಲ್ಲ ನರ್ಸ್ ಒಬ್ಬರು ನಮಗೆ ಮೂರ್ನಾಡಿನಲ್ಲಿ ಸಿಕ್ಕಿದ್ದು ಪುಣ್ಯ.

ಖರ್ಚಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಹಲವು ಲಕ್ಷ ಆಗುತ್ತದೆ. ಅದರಲ್ಲಿ ದೊಡ್ಡ ಪಾಲು ಮಣಿಯದ್ದೇ, ಆಸ್ಪತ್ರೆಯದ್ದಲ್ಲ. ನಕ್ಷೆಯ ದಿನದ ಬಿಲ್ಲು ಬೇರೆ, ಚಿಕಿತ್ಸೆಯ ದಿನದ್ದು ಬೇರೆ, ನಂತರದ ಸ್ಕ್ಯಾನುಗಳು ಬೇರೆ ಎಂಬುದನ್ನು ಕೊಟೇಷನ್ನಿನಲ್ಲಿ ಬಿಡಿಸಿ ಬರೆಸಿಕೊಳ್ಳಬೇಕು. ನಕ್ಷೆಯಲ್ಲಿ ಶ್ವಾಸಕೋಶದ ಸೋರಿಕೆ ಹೆಚ್ಚೆಂದು ಕಂಡರೆ ಚಿಕಿತ್ಸೆ ಆಗುವುದಿಲ್ಲ, ಆದರೂ ಮೊದಲ ಬಿಲ್ಲು ಕಟ್ಟಲೇಬೇಕು. ವಿಮಾ ಕಂಪನಿಯ ಒಪ್ಪಿಗೆಯನ್ನು ಎರಡೂ ಹಂತಕ್ಕೆ ಪ್ರತ್ಯೇಕವಾಗಿ, ಮಣಿಯ ಹೆಸರು ಸಮೇತ, ಲಿಖಿತವಾಗಿ ಪಡೆಯುವುದು ಕ್ಷೇಮ. ನಮ್ಮ ಮೆಣಸಿನ ಹಣ ಆ ವರ್ಷ ಪೂರ್ತಿ ಇದಕ್ಕೇ ಹೋಯಿತು.

ಯಾರಿಗೆ ಶಿಫಾರಸು ಮಾಡುತ್ತೇನೆ ಎಂದರೆ: ಕಾಯಿಲೆ ಮುಖ್ಯವಾಗಿ ಯಕೃತ್ತಿನಲ್ಲಿದ್ದು, ಮೊದಲ ಅಥವಾ ಎರಡನೆಯ ದರ್ಜೆಯದಾಗಿದ್ದು, ಬಿಲಿರುಬಿನ್ 2ಕ್ಕಿಂತ ಕೆಳಗಿದ್ದು, ಓಡಾಡುವ ಶಕ್ತಿ ಉಳಿದಿರುವವರಿಗೆ. ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳವನ್ನು ಕರುಳಿಗೆ ಜೋಡಿಸಿದ್ದರೆ ಯಕೃತ್ತಿನಲ್ಲಿ ಕೀವು ತುಂಬುವ ಅಪಾಯ ಹೆಚ್ಚು. ಆ ವಿಷಯವನ್ನು ತಪ್ಪದೆ ಹೇಳಿ. ಮೂರನೆಯ ದರ್ಜೆಯವರು ಮೇಲಿನ ಅಂಕಿಗಳನ್ನು ಮುಂದಿಟ್ಟುಕೊಂಡು ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯದೆ ತೋಟ ಅಡವಿಡಬಾರದು.

ಅಕ್ಕನ ಯಕೃತ್ತಿನ ಎಡಭಾಗದಲ್ಲಿ ಸಣ್ಣ ಗಡ್ಡೆಗಳು ಇನ್ನೂ ಇವೆ, ಸದ್ಯ ಬೆಳೆಯುತ್ತಿಲ್ಲ. ಬೆಳೆದರೆ ಆ ಭಾಗಕ್ಕೂ ಇದೇ ಚಿಕಿತ್ಸೆಯನ್ನು ಪರಿಗಣಿಸಬಹುದು ಎಂದಿದ್ದಾರೆ. ಆಗ ಅದೇ ಆಸ್ಪತ್ರೆಗೆ, ಅದೇ ವೈದ್ಯರ ಬಳಿಗೇ ಹೋಗುತ್ತೇವೆ. ರಕ್ತ ಪರೀಕ್ಷೆಯ ವೇಳಾಪಟ್ಟಿ, ಫೋನ್ ನಂಬರು ಮತ್ತು ಸ್ಕ್ಯಾನನ್ನು ಯಾವ ಅಳತೆಗೋಲಿನಲ್ಲಿ ಅಳೆಯುತ್ತಾರೆ ಎಂಬುದು ಸಮರಿಯಲ್ಲಿ ಬರೆದು ಕೈಗೆ ಬರುವವರೆಗೆ ಮಾತ್ರ ವಾರ್ಡ್ ಬಿಟ್ಟು ಏಳುವುದಿಲ್ಲ.